ಗಣಿತಜ್ಞ ನೀಲ್ಸ್ ಆಬೆಲ್

ಗಣಿತವೆಂದರೆ ಸೂತ್ರಗಳನ್ನು ಕಂಠಪಾಠ ಮಾಡಿ, ಕೊಟ್ಟ ಅಂಕಿಗಳನ್ನು ಅವುಗಳಲ್ಲಿ ತುಂಬಿ, ಉತ್ತರವನ್ನು ಬರೆಯುವ ವಿದ್ಯೆಯೆಂದು ಅನೇಕರು ಭಾವಿಸುತ್ತಾರೆ. ತಾವು ಪಡೆದ ಉತ್ತರವು ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಉತ್ತರಕ್ಕೆ ಹೊಂದಿಕೊಂಡರೆ ಕೆಲಸ ಮುಗಿಯಿತೆಂದು ಅವರ ನಂಬಿಕೆ. ಆದರೆ ಆ ಉತ್ತರವು ಏಕೆ ಸರಿ, ಎಲ್ಲ ಸಂದರ್ಭಗಳಲ್ಲಿಯೂ ಸರಿಯೇ ಎಂದು ಕೇಳತೊಡಗಿದಾಗಲೇ ನಿಜವಾದ ಗಣಿತವು ಆರಂಭವಾಗುತ್ತದೆ. ತಾನು ಕಂಡುಹಿಡಿದ ಉತ್ತರವನ್ನು ತಾನೇ ಒರೆಗೆ ಹಚ್ಚಿ, ಅದು ಸುಳ್ಳೆಂದು ಕಂಡಾಗ ಅಳುಕದೆ ತೊರೆದು, ಆ ಸೋಲಿನಿಂದಲೇ ಮಹಾಸತ್ಯವೊಂದನ್ನು ಸಾಧಿಸಿದ ಶಾಲಾಬಾಲಕನೊಬ್ಬನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬಾಳಿದನು. ಅವನು ಬದುಕಿದ್ದುದು ಕೇವಲ ಇಪ್ಪತ್ತಾರು ವರ್ಷ. ಆತನೇ ನಾರ್ವೆ ದೇಶದ ಗಣಿತಜ್ಞ ನೀಲ್ಸ್ ಹೆನ್ರಿಕ್ ಆಬೆಲ್.

ಆಬೆಲನು 1802ನೆಯ ಇಸವಿಯ ಆಗಸ್ಟ್ 5ರಂದು ನಾರ್ವೆಯ ನೈಋತ್ಯ ಕರಾವಳಿಯಲ್ಲಿ ಜನಿಸಿದನು. ತಂದೆ ಕ್ರೈಸ್ತ ಪಾದ್ರಿ. ಮಕ್ಕಳಲ್ಲಿ ನೀಲ್ಸನು ಎರಡನೆಯವನು. ಆತನ ಶೈಶವದಲ್ಲಿಯೇ ಸಂಸಾರವು ಯೆರ್ಸ್ಟಾಡ್ ಎಂಬ ಹಳ್ಳಿಗೆ ಬಂದು ನೆಲೆಸಿತು. ಅಂದು ಯೂರೋಪಿನಲ್ಲೆಲ್ಲ ನೆಪೋಲಿಯನ್ನನ ಯುದ್ಧಗಳ ಹಾವಳಿ. ಇಂಗ್ಲಿಷರ ನೌಕಾಪಡೆಯು ಕಡಲಮಾರ್ಗವನ್ನು ತಡೆಗಟ್ಟಿದುದರಿಂದ ಹೊರಗಿನಿಂದ ಧಾನ್ಯ ಬರುವುದು ನಿಂತುಹೋಗಿ, ನಾರ್ವೆಯ ಜನರು ಹಸಿವಿನಿಂದ ಬಳಲುತ್ತಿದ್ದರು. ಹೀಗಿದ್ದರೂ ತಂದೆಯು ಮಕ್ಕಳ ವಿದ್ಯಾಭ್ಯಾಸವನ್ನು ಕಡೆಗಣಿಸಲಿಲ್ಲ. ಹದಿಮೂರನೆಯ ವಯಸ್ಸಿನವರೆಗೆ ನೀಲ್ಸನಿಗೆ ತಂದೆಯೇ ಗುರು; ಕೈಬರಹದ ಹೊತ್ತಗೆಗಳೇ ಪಾಠಪುಸ್ತಕ. ಆ ಹೊತ್ತಗೆಯೊಂದರ ಸಂಕಲನದ ಕೋಷ್ಟಕದಲ್ಲಿ ಒಂದಕ್ಕೆ ಸೊನ್ನೆಯನ್ನು ಕೂಡಿಸಿದರೆ ಸೊನ್ನೆಯೇ ಬರುವುದೆಂದು ತಪ್ಪಾಗಿ ಬರೆದಿತ್ತು! ಮುಂದೆ ದೊಡ್ಡ ದೊಡ್ಡ ಪಂಡಿತರ ಗ್ರಂಥಗಳಲ್ಲಿಯೂ ತಪ್ಪನ್ನು ಗುರುತಿಸಬಲ್ಲವನಾದ ಬಾಲಕನ ಗಣಿತಾಭ್ಯಾಸವು ಇಂತಹ ಪುಟದಿಂದ ಆರಂಭವಾದುದು ಸೋಜಿಗವೇ ಸರಿ.

1815ರಲ್ಲಿ ಆಬೆಲನು ರಾಜಧಾನಿಯಾದ ಕ್ರಿಸ್ಟಿಯಾನಿಯಾ ನಗರದ ಕೆಥೀಡ್ರಲ್ ಶಾಲೆಯನ್ನು ಸೇರಿದನು. ಇಂದು ಓಸ್ಲೋ ಎಂದು ಕರೆಯಲ್ಪಡುವ ನಗರವೇ ಅದು. ಆ ಶಾಲೆಯು ಹಿಂದೆ ಹೆಸರುವಾಸಿಯಾಗಿದ್ದರೂ ಆ ವೇಳೆಗೆ ತನ್ನ ಕಳೆಯನ್ನು ಕಳೆದುಕೊಂಡಿತ್ತು. ಅಲ್ಲಿಯ ಗಣಿತದ ಉಪಾಧ್ಯಾಯನು ಬಹು ಕ್ರೂರಿ. ತಪ್ಪು ಮಾಡಿದ ಹುಡುಗರನ್ನು ನಿರ್ದಯನಾಗಿ ಹೊಡೆಯುವುದು ಅವನ ರೂಢಿ. ಬೆತ್ತಕ್ಕೆ ಹೆದರಿ ಕುಳಿತ ಹುಡುಗನು ಪ್ರಶ್ನೆ ಕೇಳುವುದಾದರೂ ಹೇಗೆ? ಆಬೆಲನೂ ಆ ದಿನಗಳಲ್ಲಿ ಸಾಧಾರಣ ವಿದ್ಯಾರ್ಥಿಯಾಗಿಯೇ ಉಳಿದನು. 1817ರ ಕೊನೆಯಲ್ಲಿ ಆ ಉಪಾಧ್ಯಾಯನಿಂದ ಪೆಟ್ಟುತಿಂದ ವಿದ್ಯಾರ್ಥಿಯೊಬ್ಬನು ಕೆಲವೇ ದಿನಗಳಲ್ಲಿ ತೀರಿಕೊಂಡನು. ಊರೆಲ್ಲ ತಲ್ಲಣಿಸಿತು. ಉಪಾಧ್ಯಾಯನನ್ನು ಕೆಲಸದಿಂದ ತೆಗೆದುಹಾಕಲಾಯಿತು.

ಆ ಸ್ಥಾನಕ್ಕೆ 1818ರ ಆರಂಭದಲ್ಲಿ ಬೆರ್ನ್ಟ್ ಮಿಕಾಯೆಲ್ ಹೋಲ್ಮ್‌ಬೋ ಎಂಬ ತರುಣನು ಬಂದನು. ಆಗ ಆತನಿಗಿನ್ನೂ ಇಪ್ಪತ್ತೆರಡು ವರ್ಷ, ಆಬೆಲನಿಗೆ ಹದಿನೈದು. ಹೋಲ್ಮ್‌ಬೋ ತಂದ ಬದಲಾವಣೆ ನೋಡಲು ಚಿಕ್ಕದು. ಆದರೆ ಅದರ ಫಲ ಹಿರಿದಾಯಿತು. ವಿದ್ಯಾರ್ಥಿಗಳು ತಾವೇ ಯೋಚಿಸಿ ಬಿಡಿಸಬೇಕಾದ ಸಮಸ್ಯೆಗಳನ್ನು ಆತನು ತರಗತಿಯಲ್ಲಿ ಕೊಡತೊಡಗಿದನು. ಸೂತ್ರವನ್ನು ಒಪ್ಪಿಸುವ ಹುಡುಗನಿಗಿಂತ ದಾರಿಯನ್ನು ತಾನೇ ಹುಡುಕುವ ಹುಡುಗನು ಆತನಿಗೆ ಮೆಚ್ಚಾದನು. ಆಬೆಲನ ಬುದ್ಧಿಗೆ ಇದು ಹೊಸ ಬಾಗಿಲನ್ನು ತೆರೆಯಿತು. ಕೊಟ್ಟ ಸಮಸ್ಯೆಗಳು ಸಾಲದೆ ಅವನು ಮತ್ತಷ್ಟನ್ನು ಬೇಡತೊಡಗಿದನು. ಗುರುವು ಅವನಿಗೆ ಬೇರೆಯಾಗಿ ಪಾಠ ಹೇಳಿ, ಆಯ್ಲರ್, ನ್ಯೂಟನ್, ಲಗ್ರಾಂಜ್, ಲಪ್ಲಾಸ್, ಗೌಸ್ ಮುಂತಾದ ಮಹಾಪಂಡಿತರ ಗ್ರಂಥಗಳನ್ನು ಓದಿಸಿದನು. ಟೀಕಾಕಾರರ ಬರಹಗಳಿಗಿಂತ ಮೂಲಗ್ರಂಥಗಳನ್ನೇ ಓದಬೇಕೆಂಬ ನಿಲುವು ಆಬೆಲನಲ್ಲಿ ಆಗಲೇ ಬೇರೂರಿತು. ಬದುಕಿ ಉಳಿದರೆ ಈ ಹುಡುಗನು ಮಹಾಗಣಿತಜ್ಞನಾಗುವನೆಂಬ ಭರವಸೆಯನ್ನು ಹೋಲ್ಮ್‌ಬೋ ಶಾಲೆಯ ದಾಖಲೆಯಲ್ಲಿಯೇ ಬರೆದಿಟ್ಟನು.

ಆ ಕಾಲದಲ್ಲಿ ಗಣಿತಜ್ಞರನ್ನು ಕಾಡುತ್ತಿದ್ದ ಹಳೆಯ ಸಮಸ್ಯೆಯೊಂದಿತ್ತು. ಸರಳ ಸಮೀಕರಣವನ್ನು ಬಿಡಿಸುವುದು ನಿಮಗೆಲ್ಲ ತಿಳಿದಿದೆ. ಅವ್ಯಕ್ತ ಸಂಖ್ಯೆಯ ವರ್ಗವು ಬರುವ ಸಮೀಕರಣಗಳನ್ನು ಬಿಡಿಸುವ ನಿಯಮವನ್ನು ನಮ್ಮ ದೇಶದ ಬ್ರಹ್ಮಗುಪ್ತನು ಕ್ರಿ. ಶ. 628ರಲ್ಲಿಯೇ ಹೇಳಿದ್ದನು. ಘನವು ಬರುವ ಸಮೀಕರಣಗಳಿಗೂ ನಾಲ್ಕನೆಯ ಘಾತವು ಬರುವ ಸಮೀಕರಣಗಳಿಗೂ ಇಟಲಿಯ ಪಂಡಿತರು ಸೂತ್ರಗಳನ್ನು ಕಂಡುಹಿಡಿದರು. ಅವು 1545ರಲ್ಲಿ ಕಾರ್ಡಾನೋ ಎಂಬಾತನ ಗ್ರಂಥದಲ್ಲಿ ಪ್ರಕಟವಾದುವು. ಈ ಸೂತ್ರಗಳಲ್ಲೆಲ್ಲ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರಗಳೂ ವರ್ಗಮೂಲ, ಘನಮೂಲ ಮುಂತಾದ ಮೂಲಗಳೂ ಹೊರತು ಬೇರೇನೂ ಇಲ್ಲ. ಹಾಗಾದರೆ ಐದನೆಯ ಘಾತದ ಸಮೀಕರಣಕ್ಕೂ ಇಂತಹುದೇ ಸೂತ್ರವಿರಬೇಕಷ್ಟೆ? ಇನ್ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಪಂಡಿತರು ಅದನ್ನು ಹುಡುಕಿದರು. ಸೂತ್ರವು ಎಲ್ಲಿಯೋ ಅಡಗಿದೆ, ಹುಡುಕುವ ಜಾಣ್ಮೆ ತಮಗೆ ಸಾಲದಾಗಿದೆ ಎಂದೇ ಹೆಚ್ಚಿನವರು ನಂಬಿದ್ದರು.

ಶಾಲೆಯ ಕಡೆಯ ವರ್ಷದಲ್ಲಿ, 1821ರಲ್ಲಿ, ಆಬೆಲನು ಆ ಸೂತ್ರವನ್ನು ತಾನು ಕಂಡುಹಿಡಿದೆನೆಂದು ಭಾವಿಸಿದನು. ಹೋಲ್ಮ್‌ಬೋ ಅದನ್ನು ಪರಿಶೀಲಿಸಿದನು, ತಪ್ಪು ಕಾಣಲಿಲ್ಲ. ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹಾನ್ಸ್ಟೀನನಿಗೂ ತಪ್ಪು ಕಾಣಲಿಲ್ಲ. ನಾರ್ವೆಯಲ್ಲಿ ಅದನ್ನು ನಿರ್ಣಯಿಸಬಲ್ಲವರು ಯಾರೂ ಇಲ್ಲದುದರಿಂದ ಲೇಖನವನ್ನು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿದ್ದ ಡೇಗೆನ್ ಎಂಬ ಗಣಿತಜ್ಞನಿಗೆ ಕಳುಹಿಸಲಾಯಿತು. ಡೇಗೆನನಿಗೂ ದೋಷವು ಗೋಚರಿಸಲಿಲ್ಲ. ಆದರೂ ಆತನು ದುಡುಕಿ ಹೊಗಳಲಿಲ್ಲ. ಹುಡುಗನ ಸಾಹಸವೆಂದು ತಳ್ಳಿಹಾಕಲೂ ಇಲ್ಲ. ಈ ವಿಧಾನವನ್ನು ಅಂಕಿಗಳಿಂದ ಕೂಡಿದ ಒಂದು ಉದಾಹರಣೆಗೆ ಅನ್ವಯಿಸಿ ತೋರಿಸುವಂತೆ ಕೇಳಿಕೊಂಡನು.

ಆಬೆಲನು ಉದಾಹರಣೆಯನ್ನು ಬಿಡಿಸಲು ಕುಳಿತನು. ಅಂಕಿಗಳ ಮುಂದೆ ಸೂತ್ರವು ನಿಲ್ಲಲಿಲ್ಲ. ಮೂವರು ವಿದ್ವಾಂಸರ ಕಣ್ಣಿಗೆ ಮರೆಯಾಗಿದ್ದ ತಪ್ಪು ಒಂದೇ ಲೆಕ್ಕದಿಂದ ಬಯಲಾಯಿತು. ಅದನ್ನು ಬಯಲು ಮಾಡಿದವನು ಆಬೆಲನೇ. ಹತ್ತೊಂಬತ್ತರ ಹರೆಯದ ತರುಣನಿಗೆ ಇದು ಎಂತಹ ನಿರಾಶೆಯನ್ನು ತಂದಿರಬಹುದೆಂದು ಊಹಿಸಿಕೊಳ್ಳಬಹುದು. ಆದರೆ ಆತನು ಸೂತ್ರವನ್ನು ಉಳಿಸಿಕೊಳ್ಳಲು ತೇಪೆ ಹಾಕುವ ಯತ್ನಕ್ಕೆ ಕೈಹಾಕಲಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಒಂದು ಉದಾಹರಣೆಯಿಂದ ನಿಯಮವನ್ನು ಮುರಿಯಬಹುದು. ಸಾವಿರ ಉದಾಹರಣೆಗಳಿಂದಲೂ ನಿಯಮವನ್ನು ಸ್ಥಾಪಿಸಲಾಗದು. ಯಾವುದಾದರೊಂದು ಪೂರ್ಣಸಂಖ್ಯೆಯನ್ನು ತೆಗೆದುಕೊಂಡು, ಅದರ ವರ್ಗಕ್ಕೆ ಆ ಸಂಖ್ಯೆಯನ್ನೂ 41ನ್ನೂ ಕೂಡಿಸಿ ನೋಡಿರಿ. 1ರಿಂದ 43 ಬರುತ್ತದೆ, 2ರಿಂದ 47, 3ರಿಂದ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳೇ. ಹೀಗೆಯೇ 39ರವರೆಗೆ ಹೋದರೂ ಪ್ರತಿಸಲವೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ಇಷ್ಟನ್ನು ಕಂಡವನು ಇದೊಂದು ನಿಯಮವೆಂದೇ ನಂಬಿಬಿಡುವನು. ಆದರೆ 40ನ್ನು ತೆಗೆದುಕೊಂಡಾಗ ಬರುವ ಸಂಖ್ಯೆ 1681. ಅದು 41ನ್ನು 41ರಿಂದ ಗುಣಿಸಿದಾಗ ಬರುವ ಗುಣಲಬ್ಧ. ಮೂವತ್ತೊಂಬತ್ತು ಉದಾಹರಣೆಗಳು ಕಟ್ಟಿದ ನಂಬಿಕೆಯನ್ನು ನಲವತ್ತನೆಯದು ಕೆಡವಿಬಿಡುತ್ತದೆ. ಆದುದರಿಂದ ಗಣಿತದಲ್ಲಿ ಉದಾಹರಣೆಗಳಿಂದ ಸಂದೇಹವನ್ನು ಹುಟ್ಟಿಸಿಕೊಳ್ಳಬೇಕು. ನಿಶ್ಚಯವನ್ನು ಯುಕ್ತಿಯಿಂದಲೇ ಪಡೆಯಬೇಕು.

ಈ ನಡುವೆ ಆಬೆಲನ ಮನೆಯ ಸ್ಥಿತಿ ಹದಗೆಟ್ಟಿತ್ತು. 1820ರಲ್ಲಿ ತಂದೆ ತೀರಿಕೊಂಡನು. ತಾಯಿ, ತಮ್ಮಂದಿರು ಹಾಗೂ ತಂಗಿಯ ಭಾರವು ತರುಣನ ಮೇಲೆ ಬಿದ್ದಿತು. 1821ರಲ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಕೆಲವು ಪ್ರಾಧ್ಯಾಪಕರು ತಮ್ಮ ಸಂಬಳದಿಂದಲೇ ಹಣ ಕೊಟ್ಟು ಆತನನ್ನು ಓದಿಸಿದರು. ಬಡತನದ ನಡುವೆಯೂ ಐದನೆಯ ಘಾತದ ಸಮಸ್ಯೆಯು ಆತನನ್ನು ಬಿಡಲಿಲ್ಲ. ಆದರೆ ಈ ಬಾರಿ ಆತನು ಪ್ರಶ್ನೆಯನ್ನೇ ತಿರುಗಿಸಿದನು. ಸೂತ್ರವು ಯಾವುದು ಎಂದು ಇಷ್ಟು ದಿನ ಎಲ್ಲರೂ ಕೇಳುತ್ತಿದ್ದರು. ಅಂತಹ ಸೂತ್ರವು ಇರಲು ಸಾಧ್ಯವೇ ಎಂದು ಆಬೆಲನು ಕೇಳಿದನು.

ಇಲ್ಲವೆಂಬುದನ್ನು ಸಾಧಿಸುವುದು ಸುಲಭವಲ್ಲ. ಹುಡುಕಿ ಹುಡುಕಿ ಸಿಗಲಿಲ್ಲವೆಂದ ಮಾತ್ರಕ್ಕೆ ವಸ್ತುವು ಇಲ್ಲವೆಂದು ಹೇಳಲಾಗದು. ಆದುದರಿಂದ ಆಬೆಲನು ಪರೋಕ್ಷ ಸಾಧನೆಯ ಮಾರ್ಗವನ್ನು ಹಿಡಿದನು. 2ರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯಲಾಗದೆಂದು ತೋರಿಸುವಾಗ ನಾವು ಅನುಸರಿಸುವ ಮಾರ್ಗವೇ ಅದು. ಸೂತ್ರವೊಂದು ಇದೆಯೆಂದೇ ಮೊದಲು ಇಟ್ಟುಕೊಂಡು, ಹಾಗಿದ್ದರೆ ಅದರ ರೂಪ ಹೇಗಿರಬೇಕೆಂದು ಆತನು ವಿಚಾರಿಸಿದನು. ಸಮೀಕರಣದ ಐದು ಪರಿಹಾರಗಳನ್ನು ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು 120 ಬಗೆಯಾಗಿ ಅದಲುಬದಲು ಮಾಡಬಹುದು. ಹಾಗೆ ಮಾಡುತ್ತ ಹೋದಾಗ, ಪರಸ್ಪರ ಸಮವಾಗಿರಲೇಬೇಕಾದ ಎರಡು ರಾಶಿಗಳಲ್ಲಿ ಒಂದು 120 ಬೆಲೆಗಳನ್ನೂ ಇನ್ನೊಂದು ಕೇವಲ 10 ಬೆಲೆಗಳನ್ನೂ ತಾಳುವುದು ಕಂಡುಬಂದಿತು. ಇದು ಅಸಂಗತ. ಆದುದರಿಂದ ಮೊದಲು ಇಟ್ಟುಕೊಂಡ ಮಾತೇ ತಪ್ಪು. ಐದನೆಯ ಘಾತದ ಎಲ್ಲ ಸಮೀಕರಣಗಳಿಗೂ ಅನ್ವಯಿಸುವಂತಹ ಸೂತ್ರವು ಇರಲಾರದು.

ಆಬೆಲನು ಸಾಧಿಸಿದ್ದು ಏನು, ಸಾಧಿಸದೆ ಬಿಟ್ಟುದು ಏನು ಎಂಬುದನ್ನು ಸರಿಯಾಗಿ ತಿಳಿಯಬೇಕು. ಐದನೆಯ ಘಾತದ ಸಮೀಕರಣಗಳಿಗೆ ಪರಿಹಾರವೇ ಇಲ್ಲವೆಂದು ಆತನು ಹೇಳಲಿಲ್ಲ. ಯಾವ ಸಂಖ್ಯೆಯ ಐದನೆಯ ಘಾತವು 32 ಎಂದು ಕೇಳಿದರೆ 2 ಎಂದು ಯಾರಾದರೂ ಹೇಳಬಲ್ಲರು. ಮೂಲಗಳಿಂದಲೂ ನಾಲ್ಕು ಮೂಲಕ್ರಿಯೆಗಳಿಂದಲೂ ಕೂಡಿದ, ಎಲ್ಲಕ್ಕೂ ಸಲ್ಲುವ ಒಂದೇ ಸೂತ್ರವಿಲ್ಲವೆಂಬುದಷ್ಟೇ ಆತನ ತೀರ್ಮಾನ. ಇಟಲಿಯ ರುಫಿನಿ ಎಂಬ ಗಣಿತಜ್ಞನು 1799ರಲ್ಲಿಯೇ ಈ ಮಾತನ್ನು ಸಾಧಿಸಲು ಯತ್ನಿಸಿದ್ದನು. ಆದರೆ ಆತನ ಸಾಧನೆಯಲ್ಲಿ ಒಂದು ಕೊರತೆ ಉಳಿದಿತ್ತು. ಅದನ್ನು ತಿಳಿಯದ ಆಬೆಲನು ಸ್ವತಂತ್ರವಾಗಿಯೇ ಗುರಿ ಮುಟ್ಟಿದನು.

1824ರಲ್ಲಿ ಆಬೆಲನು ತನ್ನ ಸಾಧನೆಯನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದನು. ಮುದ್ರಣದ ವೆಚ್ಚವನ್ನು ಉಳಿಸಲು ಎಲ್ಲವನ್ನೂ ಆರೇ ಪುಟಗಳಲ್ಲಿ ಅಡಕಗೊಳಿಸಬೇಕಾಯಿತು. ಇದರಿಂದ ಲೇಖನವು ಓದುಗರಿಗೆ ಕಬ್ಬಿಣದ ಕಡಲೆಯಾಯಿತು. ಯೂರೋಪಿನ ಗಣಿತಜ್ಞರಲ್ಲಿ ಅಗ್ರಗಣ್ಯನಾದ ಗೌಸನಿಗೂ ಒಂದು ಪ್ರತಿ ಹೋಯಿತು. ಆದರೆ ಅದನ್ನು ಆತನು ಓದಿದಂತೆ ತೋರುವುದಿಲ್ಲ.

ಮರುವರ್ಷ ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು ಆಬೆಲನು ವಿದೇಶ ಪ್ರವಾಸ ಕೈಗೊಂಡನು. ಬರ್ಲಿನ್ನಿನಲ್ಲಿ ಆತನಿಗೆ ಕ್ರೆಲ್ಲೆ ಎಂಬಾತನ ಸ್ನೇಹ ಲಭಿಸಿತು. ವೃತ್ತಿಯಿಂದ ಎಂಜಿನಿಯರ್ ಆಗಿದ್ದ ಕ್ರೆಲ್ಲೆ ಗಣಿತದಲ್ಲಿ ಅಪಾರ ಆಸಕ್ತಿಯುಳ್ಳವನು. ಆತನು 1826ರಲ್ಲಿ ಗಣಿತಕ್ಕಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದನು. ಅದರ ಮೊದಲನೆಯ ಸಂಪುಟದಲ್ಲಿಯೇ ಆಬೆಲನ ಹಲವು ಲೇಖನಗಳು ಪ್ರಕಟವಾದುವು. ಐದನೆಯ ಘಾತದ ಸಾಧನೆಯೂ ಇಲ್ಲಿ ವಿಸ್ತಾರವಾಗಿ ಅಚ್ಚಾಯಿತು.

ಈ ದಿನಗಳಲ್ಲಿ ಆಬೆಲನ ವಿಮರ್ಶಕ ದೃಷ್ಟಿಯು ಗಣಿತದ ತಳಹದಿಯತ್ತ ಹರಿಯಿತು. ಕೊನೆಯೇ ಇಲ್ಲದ ಶ್ರೇಣಿಗಳನ್ನು ಕೂಡಿಸುವ ಕ್ರಮವು ಹಿಂದಿನಿಂದ ನಡೆದುಬಂದಿತ್ತು. ಉದಾಹರಣೆಗೆ, 1ರಿಂದ 1ನ್ನು ಕಳೆದು, ಮತ್ತೆ 1ನ್ನು ಕೂಡಿಸಿ, ಮತ್ತೆ ಕಳೆದು, ಹೀಗೆಯೇ ಅನಂತವಾಗಿ ಮುಂದುವರಿಸಿದರೆ ಮೊತ್ತವೆಷ್ಟು? ಎರಡೆರಡು ಪದಗಳನ್ನು ಜೋಡಿಸುತ್ತ ಹೋದರೆ ಸೊನ್ನೆ. ಮೊದಲನೆಯ ಪದವನ್ನು ಬಿಟ್ಟು ಉಳಿದುವನ್ನು ಜೋಡಿಸಿದರೆ 1. ಆಯ್ಲರನಂತಹ ಮಹಾಮೇಧಾವಿಯು ಇದಕ್ಕೆ ಅರ್ಧವೆಂಬ ಬೆಲೆಯನ್ನು ಕೊಟ್ಟಿದ್ದನು. ಇಂತಹ ಶ್ರೇಣಿಗಳನ್ನು ಆಧಾರವಾಗಿಟ್ಟುಕೊಂಡು ಸಾಧನೆಗಳನ್ನು ಕಟ್ಟುವುದು ಆಬೆಲನಿಗೆ ಒಪ್ಪಿಗೆಯಾಗಲಿಲ್ಲ. ಅವುಗಳಿಂದ ಅನೇಕ ಸಲ ಸರಿಯುತ್ತರವೇ ಬರುತ್ತಿದ್ದುದು ನಿಜ. ಆದರೆ ಏಕೆ ಸರಿ ಬರುತ್ತದೆಂದು ತಿಳಿಯದ ಹೊರತು ಆತನಿಗೆ ತೃಪ್ತಿಯಿಲ್ಲ. ಈ ಅಸಮಾಧಾನವನ್ನು ಆತನು ಹೋಲ್ಮ್‌ಬೋನಿಗೆ ಬರೆದ ಕಾಗದದಲ್ಲಿ ತೋಡಿಕೊಂಡನು.

ಫ್ರಾನ್ಸಿನ ಕೋಶಿಯು ಗಣಿತದಲ್ಲಿ ಬಿಗಿಯಾದ ತರ್ಕವನ್ನು ನೆಲೆಗೊಳಿಸಲು ಶ್ರಮಿಸಿದವರಲ್ಲಿ ಪ್ರಮುಖನು. ಆತನು 1821ರ ತನ್ನ ಗ್ರಂಥದಲ್ಲಿ ಒಂದು ನಿಯಮವನ್ನು ಹೇಳಿದ್ದನು. ಎಲ್ಲಿಯೂ ಕಡಿದುಹೋಗದ ರೇಖೆಗಳಿಂದ ತೋರಿಸಬಹುದಾದ ಪದಗಳನ್ನು ಅನಂತವಾಗಿ ಕೂಡಿಸಿದಾಗ ಒಂದು ನಿಶ್ಚಿತ ಮೊತ್ತವು ಬಂದರೆ, ಆ ಮೊತ್ತದ ರೇಖೆಯೂ ಕಡಿದುಹೋಗದೆ ಇರುತ್ತದೆಂದು ಅದರ ಸಾರಾಂಶ. ಆಬೆಲನು 1826ರ ಲೇಖನವೊಂದರ ಅಡಿಟಿಪ್ಪಣಿಯಲ್ಲಿ ಒಂದೇ ಒಂದು ಶ್ರೇಣಿಯನ್ನು ಉದಾಹರಿಸಿ, ಅಲ್ಲಿ ಈ ನಿಯಮವು ನಡೆಯುವುದಿಲ್ಲವೆಂದು ತೋರಿಸಿದನು. ಡೇಗೆನನಿಂದ ಕಲಿತ ಪಾಠವು ಇಲ್ಲಿ ಫಲಕೊಟ್ಟಿತು. ಅದೇ ಲೇಖನದಲ್ಲಿ ಆತನು ಕೋಶಿಯ ಗ್ರಂಥವನ್ನು ಮನಸಾರೆ ಪ್ರಶಂಸಿಸಿಯೂ ಇದ್ದಾನೆ. ತಪ್ಪನ್ನು ತೋರಿಸುವುದಕ್ಕೂ ಗೌರವಿಸುವುದಕ್ಕೂ ವಿರೋಧವಿಲ್ಲವೆಂಬುದು ಆಬೆಲನ ನಡತೆಯಿಂದ ತಿಳಿದುಬರುತ್ತದೆ.

1826ರ ಬೇಸಗೆಯಲ್ಲಿ ಆಬೆಲನು ಪ್ಯಾರಿಸನ್ನು ತಲುಪಿದನು. ತನ್ನ ಕೃತಿಗಳಲ್ಲಿಯೇ ಶ್ರೇಷ್ಠವೆನ್ನಬಹುದಾದ ಒಂದು ದೀರ್ಘ ಪ್ರಬಂಧವನ್ನು ಅಕ್ಟೋಬರ್ ತಿಂಗಳಿನಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದನು. ಅದನ್ನು ಪರಿಶೀಲಿಸಲು ಕೋಶಿ ಮತ್ತು ಲೆಜಾಂಡ್ರ್ ನೇಮಕಗೊಂಡರು. ಆದರೆ ಪ್ರಬಂಧವು ಕೋಶಿಯ ಕಾಗದಪತ್ರಗಳ ನಡುವೆ ಉಳಿದುಹೋಯಿತು. ಆಬೆಲನು ವರ್ಷದ ಕೊನೆಯವರೆಗೂ ಕಾದನು. ಉತ್ತರ ಬರಲಿಲ್ಲ. ಕೈಯಲ್ಲಿದ್ದ ಹಣ ಮುಗಿಯುತ್ತ ಬಂದಿತು, ಆರೋಗ್ಯವೂ ಕುಂದತೊಡಗಿತ್ತು. ಬರ್ಲಿನ್ನಿನ ಮಾರ್ಗವಾಗಿ 1827ರ ಮೇ ತಿಂಗಳಿನಲ್ಲಿ ಆತನು ತಾಯ್ನಾಡಿಗೆ ಮರಳಿದನು.

ತಾಯ್ನಾಡಿನಲ್ಲಿಯೂ ಆತನಿಗೆ ಉದ್ಯೋಗ ಕಾದಿರಲಿಲ್ಲ. ಆತನು ಪ್ರವಾಸದಲ್ಲಿದ್ದಾಗ ವಿಶ್ವವಿದ್ಯಾನಿಲಯದಲ್ಲಿ ತೆರವಾದ ಗಣಿತದ ಹುದ್ದೆಯು ಹೋಲ್ಮ್‌ಬೋನಿಗೆ ದೊರೆತಿತ್ತು. ಗುರುಶಿಷ್ಯರ ಸ್ನೇಹಕ್ಕೆ ಇದರಿಂದ ಸ್ವಲ್ಪವೂ ಧಕ್ಕೆ ಬರಲಿಲ್ಲ. ಆಬೆಲನು ಮನೆಪಾಠ ಹೇಳಿ ಹೊಟ್ಟೆಹೊರೆಯುತ್ತ, ಸಾಲದ ಹೊರೆಯನ್ನು ಹೊತ್ತು, ಲೇಖನದ ಮೇಲೆ ಲೇಖನವನ್ನು ಬರೆದು ಕ್ರೆಲ್ಲೆಗೆ ಕಳುಹಿಸಿದನು. ಜರ್ಮನಿಯ ಯಾಕೋಬಿಯೂ ಅದೇ ಹೊತ್ತಿನಲ್ಲಿ ಅದೇ ವಿಷಯದಲ್ಲಿ ತೊಡಗಿದ್ದನು. ಇಬ್ಬರ ಕೀರ್ತಿಯೂ ಯೂರೋಪಿನಲ್ಲಿ ಹಬ್ಬತೊಡಗಿತು. 1828ರಲ್ಲಿ ಫ್ರೆಂಚ್ ಅಕಾಡೆಮಿಯ ನಾಲ್ವರು ಸದಸ್ಯರು ಆಬೆಲನಿಗೆ ತಕ್ಕ ಸ್ಥಾನವನ್ನು ಕಲ್ಪಿಸಿಕೊಡುವಂತೆ ಸ್ವೀಡನ್ ಮತ್ತು ನಾರ್ವೆಗಳ ದೊರೆಗೆ ಪತ್ರ ಬರೆದರು. ಕ್ರೆಲ್ಲೆಯೂ ಬರ್ಲಿನ್ನಿನಲ್ಲಿ ಹುದ್ದೆಯೊಂದಕ್ಕಾಗಿ ಯತ್ನಿಸುತ್ತಲೇ ಇದ್ದನು.

1828ರ ಕ್ರಿಸ್‌ಮಸ್ ಹಬ್ಬಕ್ಕೆ ಆಬೆಲನು ಫ್ರೋಲಾಂಡ್ ಎಂಬ ಊರಿಗೆ ಹೋದನು. ಆತನು ಮದುವೆಯಾಗಬೇಕಿದ್ದ ಕ್ರಿಸ್ಟೀನ್ ಕೆಂಪ್ ಅಲ್ಲಿಯ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಕೊರೆಯುವ ಚಳಿಯಲ್ಲಿ ಹಿಮದ ಬಂಡಿಯಲ್ಲಿ ಮಾಡಿದ ಪ್ರಯಾಣದಿಂದ ಆತನ ಕ್ಷಯರೋಗವು ಉಲ್ಬಣಿಸಿತು. ಪ್ಯಾರಿಸಿನಲ್ಲಿ ಕಳೆದುಹೋಯಿತೆಂದು ಭಾವಿಸಿದ ಪ್ರಬಂಧದ ಮುಖ್ಯ ಪ್ರಮೇಯವನ್ನು 1829ರ ಜನವರಿ 6ರಂದು ಎರಡೇ ಪುಟಗಳಲ್ಲಿ ಮತ್ತೆ ಬರೆದಿಟ್ಟನು. ಅದೇ ಆತನ ಕಡೆಯ ಲೇಖನವಾಯಿತು. ಏಪ್ರಿಲ್ 6ರಂದು ಆಬೆಲನು ಕಣ್ಣುಮುಚ್ಚಿದನು. ಬರ್ಲಿನ್ನಿನಲ್ಲಿ ಆತನಿಗೆ ಹುದ್ದೆ ಖಚಿತವಾಯಿತೆಂಬ ಸಂತೋಷದ ಕಾಗದವನ್ನು ಕ್ರೆಲ್ಲೆ ಬರೆದುದು ಏಪ್ರಿಲ್ 8ರಂದು. ಅದನ್ನು ಓದಲು ಆಬೆಲನಿರಲಿಲ್ಲ.

ಬದುಕಿದ್ದಾಗ ದೊರೆಯದ ಮನ್ನಣೆ ಆಮೇಲೆ ಬಂದಿತು. 1830ರಲ್ಲಿ ಫ್ರೆಂಚ್ ಅಕಾಡೆಮಿಯು ತನ್ನ ಮಹಾಬಹುಮಾನವನ್ನು ಆಬೆಲ್ ಮತ್ತು ಯಾಕೋಬಿ ಇಬ್ಬರಿಗೂ ನೀಡಿತು. ಶಿಷ್ಯನ ಬರಹಗಳನ್ನೆಲ್ಲ ಕಲೆಹಾಕಿ 1839ರಲ್ಲಿ ಪ್ರಕಟಿಸಿದವನು ಹೋಲ್ಮ್‌ಬೋ. ಪ್ಯಾರಿಸಿನ ಪ್ರಬಂಧವು 1841ರಲ್ಲಿ ಬೆಳಕು ಕಂಡಿತು. ಐದನೆಯ ಹಾಗೂ ಮೇಲಿನ ಘಾತಗಳ ಸಮೀಕರಣಗಳಲ್ಲಿ ಯಾವುವನ್ನು ಮೂಲಗಳಿಂದ ಬಿಡಿಸಬಹುದು, ಯಾವುವನ್ನು ಬಿಡಿಸಲಾಗದು ಎಂಬುದನ್ನು ಫ್ರಾನ್ಸಿನ ತರುಣ ಗಾಲ್ವಾ ನಿರ್ಣಯಿಸಿದನು. ನಾರ್ವೆ ಸರಕಾರವು ಆಬೆಲನ ಹೆಸರಿನಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಗಣಿತ ಪ್ರಶಸ್ತಿಯನ್ನು 2003ರಿಂದ ಕೊಡಲಾಗುತ್ತಿದೆ. 2007ರಲ್ಲಿ ಅದನ್ನು ಪಡೆದವರು ಚೆನ್ನೈಯಲ್ಲಿ ಜನಿಸಿದ ಶ್ರೀನಿವಾಸ ವರದನ್ ಅವರು. ಗಣಿತವನ್ನು ಚೆನ್ನಾಗಿ ಬೋಧಿಸುವ ನಾರ್ವೆಯ ಉಪಾಧ್ಯಾಯರಿಗಾಗಿ ಹೋಲ್ಮ್‌ಬೋನ ಹೆಸರಿನಲ್ಲಿಯೂ ಒಂದು ಪ್ರಶಸ್ತಿಯಿದೆ. ಶಿಷ್ಯನನ್ನು ನೆನೆದ ನಾಡು ಗುರುವನ್ನು ಮರೆಯಲಿಲ್ಲ.

ಆಬೆಲನಂತಹ ಪ್ರತಿಭೆಯು ಎಲ್ಲರಿಗೂ ಇರಲಾರದು. ಆದರೆ ಆತನ ಅಭ್ಯಾಸವು ಪ್ರತಿಯೊಬ್ಬ ವಿದ್ಯಾರ್ಥಿಗೂ ಸಾಧ್ಯ. ಲೆಕ್ಕವನ್ನು ಬಿಡಿಸಿದ ಮೇಲೆ ಉತ್ತರವನ್ನು ಮತ್ತೆ ಸಮೀಕರಣದಲ್ಲಿ ಹಾಕಿ ತಾಳೆ ನೋಡುವುದು, ನಿಯಮವೊಂದನ್ನು ಓದಿದಾಗ ಅದು ನಡೆಯದ ಉದಾಹರಣೆ ಇದೆಯೇ ಎಂದು ಹುಡುಕುವುದು, ಸರಿಯುತ್ತರ ಬಂದಾಗಲೂ ಏಕೆ ಎಂದು ಕೇಳುವುದು, ಇವುಗಳಿಗೆ ಬೇಕಾದುದು ಕಾಗದ, ಪೆನ್ಸಿಲು ಮತ್ತು ತುಸು ಧೈರ್ಯ. ತಪ್ಪಿದವನನ್ನು ಬೆತ್ತದಿಂದ ಬಡಿದ ಉಪಾಧ್ಯಾಯನೂ, ತಪ್ಪನ್ನು ತಾನೇ ಕಂಡುಕೊಳ್ಳುವಂತೆ ಒಂದು ಉದಾಹರಣೆಯನ್ನು ಕೇಳಿದ ಡೇಗೆನನೂ ಒಂದೇ ಕಾಲದವರು. ಮೊದಲನೆಯವನ ತರಗತಿಯಲ್ಲಿ ಆಬೆಲನು ಸಾಧಾರಣನಾಗಿದ್ದನು. ಪ್ರಶ್ನೆಗೆ ಎಡೆಯಿದ್ದಲ್ಲಿ ಲೋಕವಿಖ್ಯಾತನಾದನು.